ಅಲ್ಪಕಾಲದ ಅನಾರೋಗ್ಯ

ನಿಂಬೆಹಣ್ಣಿನ ವಾಸನೆ ಬಂದರೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ.

ಹೋದ ತಿಂಗಳು ಸಿಂದಗಿಯಿಂದ ಇಂಡಿಗೆ ಹೊರಟ ಬಸ್ಸಿನಲ್ಲಿ ಕೂತಿದ್ದೆ. ದಾರಿಯಲ್ಲಿ ಹತ್ತಿದ ರೈತರೊಬ್ಬರು ನಿಂಬೆಹಣ್ಣಿನ ಚೀಲ ತಂದು ನನ್ನ ಸೀಟಿನ ಪಕ್ಕಕ್ಕೇ ಒರಗಿಸಿದರು. ಮಧ್ಯಾಹ್ನದ ಸೆಕೆಗೆ ಬಸ್ಸಿನ ತುಂಬ ಅದೇ ವಾಸನೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ನನ್ನ ಮುಖ ನೋಡಿ, "ಯಾಕ್ರೀ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದಳು. ಆರಾಮಿದ್ದೇನೆ ಎಂದು ಹೇಳಿ ಕಿಟಕಿ ಸರಿಸಿದೆ. ಹೊರಗೆ ತೊಗರಿ ಕೊಯ್ದ ಬಯಲು ಹಿಂದಕ್ಕೆ ಓಡುತ್ತಿತ್ತು. ಇಷ್ಟು ವರ್ಷ ಕಳೆದರೂ ಆ ಒಂದು ವರ್ಷ ನನ್ನೊಳಗೆ ತಣ್ಣಗಾಗಿಲ್ಲ.

ಈಗ ನಾನು ಮುದ್ದೇಬಿಹಾಳದ ಕಡೆ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತವರು ಬಸವನ ಬಾಗೇವಾಡಿ. ಆಗ ಇಂಡಿ ತಾಲೂಕಿನ ಒಂದು ಹಳ್ಳಿಗೆ ವರ್ಗವಾಗಿತ್ತು. ಹಳ್ಳಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ನಡೆದದ್ದು ಆ ಹಳ್ಳಿಯಲ್ಲಿ ಮಾತ್ರ ನಡೆಯುವಂಥದ್ದಲ್ಲ. ಶಾಲೆಯ ಕಂಪೌಂಡಿಗೆ ಹತ್ತಿಕೊಂಡೇ ನಿಂಬೆಯ ತೋಟ. ಗಾಳಿ ಈಚೆ ತಿರುಗಿದರೆ ಪಾಠ ಮಾಡುತ್ತಿದ್ದಂತೆ ಕ್ಲಾಸಿನೊಳಗೆ ನಿಂಬೆಯ ಹೂವಿನ ಪರಿಮಳ ಬರುತ್ತಿತ್ತು. ತೋಟದ ಅಂಚಿನ ಶೆಡ್ಡಿನಲ್ಲಿ ಹೆಂಗಸರು ಹಣ್ಣು ಆರಿಸಿ ಚೀಲಕ್ಕೆ ತುಂಬುತ್ತಿದ್ದರು. ಅವರ ಮಕ್ಕಳೇ ನಮ್ಮ ಶಾಲೆಗೆ ಬರುತ್ತಿದ್ದವರು.

ಆ ಶಾಲೆಯ ಶಿಕ್ಷಕರಲ್ಲಿ ನಾವು ಇಬ್ಬರೇ ಹೆಣ್ಣುಮಕ್ಕಳು. ನಾನು, ಮತ್ತು ಪಿ.ಟಿ. ಟೀಚರ್ ಶಾಹೀನಾ. ಅವಳು ಸಿಂದಗಿಯವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಗಂಡ ದಸ್ತಗೀರ ಸಿಂದಗಿ-ಆಲಮೇಲ ಹಾದಿಗೆ ಟೆಂಪೊ ಓಡಿಸುತ್ತಿದ್ದ. ಇಬ್ಬರು ಮಕ್ಕಳು. ಶಾಹೀನಾ ಬೆಳಗಿನ ಬಸ್ಸಿಳಿದು ಬಂದಳೆಂದರೆ ಶಾಲೆಗೆ ಜೀವ ಬಂದಂತೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದಳು. ಹುಡುಗಿಯರ ಖೋಖೋ ತಂಡ ಕಟ್ಟಿದ್ದಳು. "ಏ, ಕಾಲಿಗೆ ಮದರಂಗಿ ಹಚ್ಚಿಕೊಂಡು ಕುಂತೀಯೇನು? ಏಳು, ಓಡು!" ಎಂದು ಅವಳು ಕೂಗಿದರೆ ಶೆಡ್ಡಿನ ಹೆಂಗಸರೂ ಕೆಲಸ ನಿಲ್ಲಿಸಿ ನಗುತ್ತಿದ್ದರು. ಆ ಊರಿನಲ್ಲಿ ಯಾರ ಮೈಯಲ್ಲಾದರೂ ರೋಗವಿದ್ದೀತು ಎಂದು ಅನುಮಾನ ಪಡಬೇಕಾಗಿದ್ದರೆ ಕಟ್ಟಕಡೆಗೆ ಅವಳ ಮೇಲೆ ಪಡಬೇಕು, ಅಂಥ ಮೈಕಟ್ಟು.

ಜೂನಿನಲ್ಲಿ ಶಾಲೆ ತೆರೆದು ಒಂದೆರಡು ಮಳೆ ಆಗಿದ್ದವು. ಒಂದು ಮಧ್ಯಾಹ್ನ ಅವಳು ನನ್ನನ್ನು ಗ್ರಂಥಾಲಯದ ಕೋಣೆಗೆ ಕರೆದು ಬಾಗಿಲು ಹಾಕಿದಳು.

"ಅಕ್ಕಾ, ನಗಬ್ಯಾಡ್ರಿ ಮತ್ತ. ಇಲ್ಲಿ ಕೈ ಇಟ್ಟು ನೋಡ್ರಿ."

ನನ್ನ ಕೈ ಹಿಡಿದು ಎಡಗಡೆಯ ಮೊಲೆಯ ಮೇಲ್ಭಾಗಕ್ಕೆ, ಕಂಕುಳಿನ ಸಮೀಪ, ಒತ್ತಿಕೊಂಡಳು. ಬಟ್ಟೆಯ ಮೇಲಿನಿಂದಲೇ ತಿಳಿಯಿತು. ಒಣಗಿದ ಬಟಾಣಿ ಕಾಳಿನಂಥ ಒಂದು ಗಂಟು. ಗಟ್ಟಿಯಾಗಿತ್ತು. ಬೆರಳಿಗೆ ಸಿಕ್ಕರೂ ಅತ್ತಿತ್ತ ಸರಿಯುತ್ತಿರಲಿಲ್ಲ.

"ನೋವಾಗತೈತೇನು?"

"ಏನೂ ಇಲ್ರಿ. ಜಳಕ ಮಾಡೂ ಮುಂದ ಕೈಗೆ ಹತ್ತಿತು. ನೋವಿದ್ರ ಅಂಜಿಕಿ ಇರ್ತಿತ್ತು. ನೋವ ಇಲ್ಲ."

ನೋವಿಲ್ಲ ಎನ್ನುವ ಈ ಮಾತನ್ನು ಆ ವರ್ಷ ಎಷ್ಟು ಜನರ ಬಾಯಿಂದ ಕೇಳಿದೆನೋ! ನೋವಿಲ್ಲವಾದ್ದರಿಂದ ಏನೂ ಇಲ್ಲ. ಎಲ್ಲರಿಗೂ ಇದೊಂದೇ ಲೆಕ್ಕ. ಆ ರೋಗ ಬಹಳ ಸಲ ಮೊದಮೊದಲು ನೋಯುವುದೇ ಇಲ್ಲ ಎಂಬ ಸಣ್ಣ ಸಂಗತಿಯನ್ನು ನಮಗೆ ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ಜೀವಶಾಸ್ತ್ರ ಓದಿದ್ದೇವೆ, ಕಪ್ಪೆಯ ಹೃದಯದಲ್ಲಿ ಎಷ್ಟು ಕೋಣೆ ಎಂದು ಬಾಯಿಪಾಠ ಮಾಡಿದ್ದೇವೆ. ನಮ್ಮ ಮೈಯ ಗಂಟಿನ ಬಗ್ಗೆ ಒಂದು ಸಾಲು ಓದಿಲ್ಲ.

ಮರುದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಇಬ್ಬರೂ ಪೇಟೆಯ ಒಂದು ದವಾಖಾನೆಗೆ ಹೋದೆವು. ಯಾವ ಪೇಟೆ, ಯಾವ ಡಾಕ್ಟರು ಎನ್ನುವುದು ಬೇಡ. ಹೆಸರಿದ್ದ ಡಾಕ್ಟರೇ. ಹೊರಗೆ ಜನ ತುಂಬಿದ್ದರು. ನಮ್ಮ ಸರದಿ ಬಂದಾಗ ಶಾಹೀನಾ ತಲೆ ತಗ್ಗಿಸಿ, ಅಂದರೆ ಮೈದಾನದಲ್ಲಿ ಎಂದೂ ತಗ್ಗಿಸದ ತಲೆಯನ್ನು ತಗ್ಗಿಸಿ, ಎದೆಯಲ್ಲಿ ಗಂಟಿದೆ ಎಂದಳು.

ಆತ ಕುರ್ಚಿ ಬಿಟ್ಟು ಏಳಲಿಲ್ಲ. "ಮಕ್ಕಳಿಗೆ ಹಾಲು ಕುಡಿಸೀರೇನು?"

"ಇಬ್ಬರಿಗೂ ಕುಡಿಸೇನ್ರಿ."

"ಮನ್ಯಾಗ ಯಾರಿಗರೆ ಕ್ಯಾನ್ಸರ್ ಆಗಿತ್ತೇನು?"

"ಇಲ್ರಿ."

"ಮತ್ತ್ಯಾಕ ಅಂಜತೀರಿ? ಹಾಲಿನ ಗಂಟದು, ಕರಗತೈತಿ. ಗುಳಿಗಿ ಬರದೇನಿ. ನೋವಾದ್ರ ಬರ್ರಿ."

ನಾನು ಸುಮ್ಮನಿರಲಾರದೆ, "ಸರ, ಒಂದು ಸಲ ಕೈ ಇಟ್ಟು ನೋಡ್ರಿ, ಇಲ್ಲಾ ನರ್ಸ್ ಅವರ ಕೈಲೆ ನೋಡಸ್ರಿ," ಎಂದೆ.

ಆತ ನಕ್ಕ. "ನೀವು ಏನ್ ಕಲಸ್ತೀರಿ?"

"ಕನ್ನಡ."

"ನೀವು ಕನ್ನಡ ಕಲಸ್ರಿ, ನಾ ಡಾಕ್ಟರಕಿ ಮಾಡ್ತೇನಿ."

ಹೊರಗೆ ಕೂತವರಿಗೂ ಕೇಳಿಸಿತು. ಯಾರೋ ನಕ್ಕರು. ಶಾಹೀನಾ ನನ್ನ ಕೈ ಹಿಡಿದು ಎಳೆದುಕೊಂಡು ಹೊರಗೆ ಬಂದಳು. ಹಾಲು ಕುಡಿಸಿದವರಿಗೂ ಈ ರೋಗ ಬರುತ್ತದೆ. ಮನೆತನದಲ್ಲಿ ಯಾರಿಗೂ ಇಲ್ಲದವರಿಗೂ ಬರುತ್ತದೆ, ಹೆಚ್ಚಿನವರು ಅಂಥವರೇ. ಇದು ನನಗೆ ಆಮೇಲೆ ತಿಳಿದದ್ದು. ಆತನಿಗೆ ಆಗಲೇ ತಿಳಿದಿರಬೇಕಿತ್ತು. ತಿಳಿದಿದ್ದೂ ಕುರ್ಚಿ ಬಿಟ್ಟು ಏಳಲಿಲ್ಲವಲ್ಲ, ಅದಕ್ಕೆ ಏನು ಹೇಳಬೇಕು?

ವಿಜಯಪುರಕ್ಕೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸೋಣ ಎಂದು ನಾನು ದಸ್ತಗೀರನಿಗೇ ಹೇಳಿದೆ. ಅವನು ಕೆಟ್ಟವನಲ್ಲ. ಹೆಂಡತಿ ಶಾಲೆಯ ತಂಡವನ್ನು ಪರ ಊರಿಗೆ ಕರೆದುಕೊಂಡು ಹೋದರೆ ಮನೆಯಲ್ಲಿ ರೊಟ್ಟಿ ಬಡಿದು ಮಕ್ಕಳಿಗೆ ಉಣಿಸುವವನು. "ಡಾಕ್ಟರ ಏನಿಲ್ಲ ಅಂದಾರಲ್ರಿ ಅಕ್ಕಾರ," ಎಂದ. "ಸುಮ್ಮ ಸುಮ್ಮನ ದೊಡ್ಡ ದವಾಖಾನಿಗೆ ಹೋದ್ರ ಇಲ್ಲದ ಬ್ಯಾನಿ ಹಚ್ಚಿ ಕಳಸ್ತಾರ." ಶಾಹೀನಾಗೂ ಆ ಗುಳಿಗೆಯ ಮೇಲೆ ಭರವಸೆ ಇಡುವುದು ಸುಲಭವಾಗಿತ್ತು. ಯಾರಿಗೆ ತಾನೆ ಆಗುವುದಿಲ್ಲ? ಏನೂ ಇಲ್ಲ ಎಂದು ದೊಡ್ಡವರು ಹೇಳಿದ್ದಾರೆ, ಎದುರಿಗೆ ಪಂದ್ಯಾವಳಿ ಇದೆ, ಹುಡುಗಿಯರು ಕಾಯುತ್ತಿದ್ದಾರೆ. ನಾನು ವಾರಕ್ಕೊಮ್ಮೆ ನೆನಪಿಸುತ್ತಿದ್ದೆ. ಅವಳು "ಕರಗಾಕತ್ತೇತ್ರಿ ಅಕ್ಕಾ" ಎನ್ನುತ್ತಿದ್ದಳು. ಅದು ಕರಗುತ್ತಿರಲಿಲ್ಲ.

ದಸರಾ ರಜೆ ಮುಗಿಸಿ ಬಂದಾಗ ಕಂಕುಳಲ್ಲಿ ಇನ್ನೊಂದು ಗಂಟು. ಮೊದಲಿನದು ದೊಡ್ಡದಾಗಿತ್ತು. ಅದರ ಮೇಲಿನ ಚರ್ಮ ಒಳಕ್ಕೆ ಸೆಳೆದು ಸಣ್ಣ ಗುಳಿ ಬಿದ್ದಿತ್ತು. ಅವತ್ತು ನಾನು ಅವಳ ಮೇಲೆ ಕೂಗಾಡಿದೆ. ಹೆದರಿದವಳು ಮತ್ತೆ ಅದೇ ದವಾಖಾನೆಗೆ ಹೋದಳು. ಕಂಕುಳಿನದು ಸೋಂಕಿನ ಗಂಟು ಎಂದು ಆತ ಇನ್ನೊಂದು ಗುಳಿಗೆ ಬರೆದ. ಈ ಸಲವೂ ಮುಟ್ಟಲಿಲ್ಲ.

ಇನ್ನು ಮನೆಯವರು. ದಸ್ತಗೀರನ ಅಕ್ಕ ಒಬ್ಬಳು, ಹಿರಿಯ ಹೆಂಗಸು, ಮನೆಯಲ್ಲಿ ಅವಳ ಮಾತೇ ಮಾತು. ನಾನು ಸಿಂದಗಿಯ ಅವರ ಮನೆಗೇ ಹೋಗಿ, ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕು ಎಂದಾಗ ಆಕೆ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟಳು.

"ಸೂಜಿ ತಾಕಿತಂದ್ರ ಅದು ಮೈತುಂಬ ಹಬ್ಬತೈತಿ ಬಾಯಾರ. ನಮ್ಮ ಓಣ್ಯಾಗ ಒಬ್ಬಾಕಿ ಹಂಗ ಹೋದ್ಲು. ಚುಚ್ಚಿದ್ರು, ಆರು ತಿಂಗಳಿಗೆ ಮಣ್ಣಾತು."

"ಚುಚ್ಚಿದ್ದಕ್ಕ ಹೋಗಿಲ್ರಿ ಆಕಿ. ತಡಾಗಿ ಹೋಗಿದ್ದಕ್ಕ ಹೋಗ್ಯಾಳ."

"ನೀವು ಓದಿದಾವ್ರು. ನಾವು ಕಂಡಾವ್ರು."

ಭೀಮಾ ನದಿಯ ಆಚೆ ಒಬ್ಬಾತ ಸೊಪ್ಪು ಅರೆದು ಕಟ್ಟುತ್ತಾನಂತೆ. ಕಟ್ಟಿಸಿಕೊಂಡು ಬಂದರು. ಚರ್ಮ ಸುಟ್ಟು ಕೆಂಪಾಯಿತು. ಒಳಗಿನದು ಒಳಗೇ ತನ್ನ ಕೆಲಸ ಮಾಡುತ್ತಿತ್ತು.

ಜನವರಿಯ ಹೊತ್ತಿಗೆ ಶಾಹೀನಾಗೆ ಸೊಂಟ ನೋವು ಶುರುವಾಯಿತು. ಹುಡುಗಿಯರ ಜೊತೆ ಓಡಿ ಓಡಿ ಸೊಂಟ ಹಿಡಿದಿದೆ ಎಂದು ಎಲ್ಲರೂ ಹೇಳಿದರು. ಮುಲಾಮು ಹಚ್ಚಿದರು, ಬಿಸಿ ಇಟ್ಟಿಗೆಯ ಶಾಖ ಕೊಟ್ಟರು. ನಮ್ಮ ಹುಡುಗಿಯರು ಆ ತಿಂಗಳು ವಿಜಯಪುರದಲ್ಲಿ ಫೈನಲ್ ಆಡಿದರು. ನಾನೂ, ಶಾಲೆಯ ಇನ್ನೊಬ್ಬ ಸರ್ ಕೂಡ ಹೋಗಿದ್ದೆವು. ಗೆದ್ದ ಕೂಡಲೇ ತಂಡದ ನಾಯಕಿ ಓಡಿ ಬಂದು ಶಾಹೀನಾಳ ಕೊರಳಿಗೆ ಜೋತುಬಿದ್ದಳು. ಶಾಹೀನಾ ಅವಳನ್ನು ಎತ್ತಿಕೊಳ್ಳಲು ಹೋದಳು. ಎತ್ತಲಾಗಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಹುಡುಗಿಯರು ತಮಾಷೆ ಎಂದುಕೊಂಡು ಅವಳ ಸುತ್ತ ಕುಣಿದರು. ಅವಳೂ ನಗುತ್ತಿದ್ದಳು, ಆದರೆ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ನನ್ನನ್ನು ಸನ್ನೆ ಮಾಡಿ ಕರೆದು, ಕಿವಿಯಲ್ಲಿ ಹೇಳಿದಳು.

"ಅಕ್ಕಾ, ಹುಡುಗ್ಯಾರನ್ನ ಸರ ಅವರ ಜೋಡಿ ಬಸ್ಸಿಗೆ ಹತ್ತಸ್ರಿ. ನಾವಿಬ್ಬರೂ ದವಾಖಾನಿಗೆ ಹೋಗೂಣು. ಇನ್ನ ಯಾರನ್ನೂ ಕೇಳೂದಿಲ್ಲ."

ಹೋದೆವು. ಅಲ್ಲಿನ ಕ್ಯಾನ್ಸರ್ ಡಾಕ್ಟರು ಒಬ್ಬ ಹೆಣ್ಣುಮಗಳು, ಧಾರವಾಡದ ಕಡೆಯವರು. ಅವರು ಮೊದಲು ಮಾಡಿದ ಕೆಲಸ ಕೈ ತೊಳೆದುಕೊಂಡು ಮುಟ್ಟಿ ನೋಡಿದ್ದು. ಎರಡೂ ಕಡೆ, ಕಂಕುಳು, ಕೊರಳಿನ ಕೆಳಗೆ, ನಿಧಾನವಾಗಿ. ಜೂನಿನಿಂದ ಯಾವ ಡಾಕ್ಟರೂ ಮಾಡದೆ ಬಿಟ್ಟ ಆ ಕೆಲಸಕ್ಕೆ ಒಂದು ಹಾಡಿನಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ಅಲ್ಲೇ ಗೋಡೆಗೆ ಆತುಕೊಂಡು ನಿಂತಿದ್ದೆ. ಅಳು ಬರಲಿಲ್ಲ, ಹಲ್ಲು ಕಡಿಯುವಂತಾಯಿತು.

ಎದೆಯ ಎಕ್ಸ್‌ರೇ ತೆಗೆದರು, ಮ್ಯಾಮೋಗ್ರಾಂ ಎನ್ನುತ್ತಾರೆ ಅದಕ್ಕೆ. ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೈಯೆಲ್ಲ ಸ್ಕ್ಯಾನ್ ಮಾಡಿದರು. ಫಲಿತಾಂಶ ಬಂದ ದಿನ ದಸ್ತಗೀರನೂ ಇದ್ದ. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಸ್ತನದ ಕ್ಯಾನ್ಸರ್. ಕಂಕುಳಿಗೆ ಹೋಗಿದೆ, ಬೆನ್ನೆಲುಬಿಗೆ ಹೋಗಿದೆ, ಲಿವರಿನಲ್ಲೂ ಕಾಣುತ್ತಿದೆ.

"ಎದಿಯಾಗಿಂದು ಎಲುಬಿಗೆ ಹೆಂಗ ಹೋಗತೈತ್ರಿ?" ಶಾಹೀನಾ ಕೇಳಿದಳು. ಪಂದ್ಯ ಸೋತ ಮೇಲೆ ಎಲ್ಲಿ ತಪ್ಪಾಯಿತು ಎಂದು ಹುಡುಗಿಯರನ್ನು ಕೇಳುವ ದನಿಯಲ್ಲೇ ಕೇಳಿದಳು.

ಡಾಕ್ಟರು ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. "ಎದಿಯೊಳಗ ಹಾಲಿನ ನಾಳ ಇರ್ತಾವ್ರಿ. ಬಹಳಷ್ಟು ಸಲ ಅಲ್ಲೇ ಯಾವದೋ ಒಂದು ಕಣ ಹಿಡಿತ ತಪ್ಪಿ ಬೆಳೀತದ. ಒಂದು ಎರಡಾಗ್ತದ, ಎರಡು ನಾಕಾಗ್ತದ. ನಾಳದೊಳಗ ಇರೂತನಕ ಅದಕ್ಕ ಹೊರಗಿನ ಹಾದಿ ಇಲ್ಲ. ಗೋಡಿ ದಾಟಿತು ಅಂದ್ರ ಗಂಟಾಗ್ತದ. ಅಲ್ಲಿಂದ ಹತ್ರದ ಹಾದಿ ಅಂದ್ರ ಕಂಕುಳಿನ ಗ್ರಂಥಿಗಳು. ಮೈಯೊಳಗಿನ ನೀರು ಸೋಸೂ ಜಾಗ ಅವು. ಅಲ್ಲಿ ತಡದು ನಿಂತಾವು, ನಿಲ್ಲದಿದ್ರ ಮುಂದ ರಕ್ತಕ್ಕ ಸೇರ್ತಾವು. ರಕ್ತ ಎಲ್ಲಿ ಹೋಗ್ತದೋ ಅಲ್ಲಿ ಹೋಗ್ತಾವು. ಎಲುಬು, ಪುಪ್ಪುಸ, ಲಿವರ್, ಮೆದುಳು. ನಿಮ್ಮ ಸೊಂಟದಾಗ ಇರೂದು ಸೊಂಟದ ರೋಗ ಅಲ್ರಿ. ಎದಿಯ ಕ್ಯಾನ್ಸರೇ ಅಲ್ಲಿ ಹೋಗಿ ಕೂತದ."

"ಸೂಜಿ ಚುಚ್ಚಿದ್ರ ಹಬ್ಬತೈತಿ ಅಂತಾರಲ್ರಿ?" ಎಂದ ದಸ್ತಗೀರ.

"ಸೂಜಿಯಿಂದ ಹಬ್ಬೂದಿಲ್ಲ. ಇದು ನಿಮ್ಮ ಮನಿಯವರಿಗೆ ಸೂಜಿ ಚುಚ್ಚೂಕಿಂತ ಮೊದಲ ಹಬ್ಬೇದಲ್ಲ? ಕಾದಿದ್ದಕ್ಕ ಹಬ್ಬೇದ."

ಶಾಹೀನಾ ಹಾಳೆಯ ಮೇಲಿನ ಚಿತ್ರವನ್ನೇ ನೋಡುತ್ತಿದ್ದಳು. "ಜೂನಿನ್ಯಾಗ ಬಟಾಣಿ ಕಾಳಿನಷ್ಟಿತ್ರಿ. ಅವಾಗ ಬಂದಿದ್ರ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಸುಳ್ಳು ಹೇಳೂದಿಲ್ರಿ. ನಿಮ್ಮದು ಜೋರಾಗಿ ಓಡೂ ಜಾತಿಯ ಕ್ಯಾನ್ಸರ್. ಅವಾಗ ಬಂದಿದ್ರೂ ಪೂರಾ ಗುಣ ಆಗ್ತಿತ್ತು ಅಂತ ಆಣಿ ಮಾಡಿ ಹೇಳಾಕ ಆಗೂದಿಲ್ಲ. ಆದ್ರ ಅವಾಗ ಅದು ಎದಿ ಬಿಟ್ಟು ಹೋಗಿರದಿದ್ದ ಸಾಧ್ಯತಾ ಭಾಳ ಇತ್ತು. ಎದಿಯಾಗ ಇದ್ದಾಗ ಸಿಕ್ರ ನಾವು ಗುಣ ಮಾಡಾಕ ಔಷಧ ಕೊಡ್ತೇವಿ. ಈಗ ಕೊಡೂದು ಅದನ್ನ ತಡ್ಯಾಕ."

ಗುಣ ಮಾಡಲು, ತಡೆಯಲು. ಕನ್ನಡ ಕಲಿಸುವವಳು ನಾನು. ಎರಡು ಕ್ರಿಯಾಪದಗಳ ನಡುವೆ ಒಂದು ಜೀವ ಇರುತ್ತದೆ ಎಂದು ಅವತ್ತು ತಿಳಿಯಿತು.

ಅವಳು ಮನೆಯಲ್ಲಿ ಕೂತು ಅಳುತ್ತಾಳೆ ಎಂದುಕೊಂಡಿದ್ದೆ. ಕೀಮೋ ಶುರುವಾದ ಮೇಲೆ ಒಂದು ದಿನ ಅವಳೇ ಫೋನ್ ಮಾಡಿದಳು. "ಮಾರ್ಚ್‌ನ್ಯಾಗ ತಾಯಂದಿರ ಸಭೆ ಐತಲ್ರಿ ಅಕ್ಕಾ? ಅದರಾಗ ನಾ ಮಾತಾಡ್ತೇನಿ. ಶೆಡ್ಡಿನ ಹೆಣ್ಮಕ್ಕಳು ಎಲ್ಲಾರೂ ಬರಬೇಕು. ಬ್ಯಾನರ್ ಬರಸ್ರಿ."

ಬ್ಯಾನರಿಗೆ ನಾನು ಬರೆದ ಸಾಲು ಸರಳವಾಗಿತ್ತು. 'ಸ್ತನ ಕ್ಯಾನ್ಸರ್: ಬೇಗ ಗುರುತಿಸಿ, ಜೀವ ಉಳಿಸಿ.' ಹೆಡ್‌ಮಾಸ್ತರರು ಅದನ್ನು ನೋಡಿದವರೇ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಮೇಡಮ್ಮಾರ, ಇದು ಸಾಲಿ. ಆ ಶಬ್ದ ಬ್ಯಾಡ್ರಿ. 'ಮಹಿಳಾ ಆರೋಗ್ಯ' ಅಂತ ಹಾಕ್ರಿ ಸಾಕು."

"ಮಹಿಳಾ ಆರೋಗ್ಯ ಅಂದ್ರ ಯಾವ ರೋಗ್ರಿ ಸರ? ನೆಗಡಿನೋ, ಮಂಡಿನೋವೋ?"

"ಹಾಂಗಲ್ರಿ. ಸಾಲಿ ಕಮಿಟಿಯವರು ಬರ್ತಾರ, ಹುಡುಗರು ಓಡಾಡ್ತಾರ. ತಪ್ಪು ತಿಳ್ಕೋತಾರ. ನೀವ ವಿಚಾರ ಮಾಡ್ರಿ."

ನಾನು ವಿಚಾರ ಮಾಡಿದೆ. ಎಂ.ಎ. ಕ್ಲಾಸಿನಲ್ಲಿ ಹಳಗನ್ನಡ ಕಾವ್ಯ ಓದುವಾಗ ನಾಯಕಿಯ ಮೊಲೆಗಳ ವರ್ಣನೆ ಬಂದರೆ ನಮ್ಮ ಮೇಷ್ಟ್ರು ಪಾಠ ನಿಲ್ಲಿಸುತ್ತಿರಲಿಲ್ಲ. ಕಲಶವೆಂದರು, ಮೊಗ್ಗೆಂದರು, ಜೋಡಿ ಚಕ್ರವಾಕವೆಂದರು. ಗಂಡು ಹುಡುಗರು ಬರೆದುಕೊಂಡರು, ಪರೀಕ್ಷೆಯಲ್ಲಿ ಅಂಕ ಪಡೆದರು. ಬಸ್‌ಸ್ಟ್ಯಾಂಡಿನ ಬೈಗುಳಗಳಲ್ಲಿ ಅದೇ ಅಂಗ ದಿನವೂ ಕೇಳಿಸುತ್ತದೆ, ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಹೊಗಳಲು ಬೇಕು, ಬೈಯಲು ಬೇಕು. ಅಲ್ಲೊಂದು ಗಂಟಿದೆ, ಉಳಿಸಿ ಎಂದು ಒಬ್ಬ ಹೆಣ್ಣುಮಗಳು ಹೇಳಲು ಹೊರಟಾಗ ಮಾತ್ರ ಅದು ಅಸಭ್ಯವಾಗುತ್ತದೆ. ಈ ಮಾತನ್ನೇ ಹೆಡ್‌ಮಾಸ್ತರರ ಮುಖಕ್ಕೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಬ್ಯಾನರ್ ಬ್ಯಾಡ. ಸಭೆ ಬೇಕಾರ ಮಾಡ್ಕೋರಿ," ಎಂದರು.

ಬ್ಯಾನರಿಲ್ಲದೆ ಸಭೆ ನಡೆಯಿತು. ಶಾಹೀನಾ ತಲೆಗೆ ದುಪಟ್ಟಾ ಬಿಗಿದುಕೊಂಡು ಬಂದಳು, ಒಳಗೆ ಕೂದಲಿರಲಿಲ್ಲ. ದಸ್ತಗೀರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಹಿಂದಿನ ಬೆಂಚುಗಳಲ್ಲಿ ಕಮಿಟಿಯ ನಾಲ್ಕೈದು ಗಂಡಸರಿದ್ದರು. ವಿಷಯ ಏನೆಂದು ತಿಳಿಯುತ್ತಿದ್ದಂತೆ ಅವರು ಎದ್ದು ಹೊರಡಲು ನೋಡಿದರು.

"ಯಾರೂ ಏಳಬ್ಯಾಡ್ರಿ," ಎಂದಳು ಶಾಹೀನಾ. ಮೈದಾನದ ದನಿ ಇನ್ನೂ ಹೋಗಿರಲಿಲ್ಲ. "ಹೆಣ್ಮಕ್ಕಳು ದವಾಖಾನಿಗೆ ಹೊಂಟ್ರ 'ಏನಾಗೇತಿ ನಿನಗ' ಅಂತ ಬಾಗಲದಾಗ ನಿಂತು ಕೇಳಾವ್ರು ನೀವು. ನೀವ ಮೊದಲ ಕೇಳಬೇಕು ಇದನ್ನ."

ಅವರು ಕೂತರು. ಶಾಹೀನಾ ನಾಚದೆ, ಎಲ್ಲೂ ದನಿ ತಗ್ಗಿಸದೆ ಹೇಳಿದಳು. ತಿಂಗಳಿಗೊಮ್ಮೆ, ಮುಟ್ಟಿನ ದಿನಗಳು ಮುಗಿದ ಮೇಲೆ, ಮೂರು ಬೆರಳಿನಿಂದ ಒತ್ತಿ ಸುತ್ತಲೂ ನೋಡಿಕೊಳ್ಳಿ, ಕಂಕುಳನ್ನು ಮರೆಯಬೇಡಿ. ಗಂಟು, ಚರ್ಮದ ಮೇಲೆ ಗುಳಿ, ತೊಟ್ಟು ಒಳಕ್ಕೆ ಸರಿಯುವುದು, ತೊಟ್ಟಿನಿಂದ ರಕ್ತ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಹೋಗಿ ತೋರಿಸಿ. ಒಬ್ಬ ಡಾಕ್ಟರು ಮುಟ್ಟದೆ ಕಳಿಸಿದರೆ ಮುಟ್ಟುವವರನ್ನು ಹುಡುಕಿ. ಗಂಟುಗಳಲ್ಲಿ ಹೆಚ್ಚಿನವು ಏನೂ ಅಲ್ಲ. ಆದರೆ ಏನೂ ಅಲ್ಲ ಎಂದು ಹೇಳಬೇಕಾದದ್ದು ಪರೀಕ್ಷೆ, ಪಕ್ಕದ ಮನೆಯವರಲ್ಲ.

"ನನಗ ನೋವಿರಲಿಲ್ಲ," ಎಂದಳು ಕೊನೆಗೆ. "ನೋವು ಬಂದಾಗ ಅದು ಎಲುಬಿನ್ಯಾಗ ಬಂತು. ನೋವು ಬರೂತನಕ ಕಾಯಬ್ಯಾಡ್ರೆವ್ವಾ."

ಸಭೆ ಮುಗಿದ ಮೇಲೆ ಭೀಮವ್ವ ಎಂಬ ಹೆಂಗಸು ಹಿಂದೆ ಉಳಿದಳು. ಶೆಡ್ಡಿನಲ್ಲಿ ನಿಂಬೆಹಣ್ಣು ಆರಿಸುವವಳು, ನಮ್ಮ ಖೋಖೋ ನಾಯಕಿಯ ತಾಯಿ. ಶಾಹೀನಾಳ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಜೂನಿನಲ್ಲಿ ಗ್ರಂಥಾಲಯದ ಕೋಣೆಯಲ್ಲಿ ನಡೆದದ್ದೇ ನನ್ನ ಕಣ್ಣೆದುರು ಮತ್ತೆ ನಡೆಯಿತು.

"ನಾಳೆ ನನ್ನ ಇಂಜೆಕ್ಷನ್ ಐತಿ," ಎಂದಳು ಶಾಹೀನಾ. "ನನ್ನ ಜೋಡಿ ಬಾ."

ಭೀಮವ್ವನದೂ ಕ್ಯಾನ್ಸರೇ. ಆದರೆ ಸಣ್ಣದು, ಎದೆ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಆಪರೇಷನ್ ಆಯಿತು, ಮೊಲೆಯನ್ನು ಪೂರ್ತಿ ತೆಗೆಯುವ ಪ್ರಸಂಗವೂ ಬರಲಿಲ್ಲ, ಆಮೇಲೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಇಬ್ಬರೂ ಒಂದೇ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿಬರುತ್ತಿದ್ದರು. ಕೀಮೋದ ನಂತರ ಶಾಹೀನಾಗೆ ಹೊಟ್ಟೆ ತೊಳಸಿ ಬರುತ್ತಿತ್ತು. ಭೀಮವ್ವ ತೋಟದಿಂದ ನಿಂಬೆಯ ಎಲೆ ತಂದು, ಕೈಯಲ್ಲಿ ತಿಕ್ಕಿ ಅವಳ ಮೂಗಿಗೆ ಹಿಡಿಯುತ್ತಿದ್ದಳು. ಒಬ್ಬಳು ಗುಣವಾಗಲು ಹೋಗುತ್ತಿದ್ದಳು, ಇನ್ನೊಬ್ಬಳು ತಡೆಯಲು. ಇಬ್ಬರಿಗೂ ಅದು ಗೊತ್ತಿತ್ತು. ಶಾಹೀನಾ ಒಂದು ದಿನವೂ ಅದನ್ನು ಬಾಯಿಬಿಟ್ಟು ಆಡಲಿಲ್ಲ, ಭೀಮವ್ವ ಒಂದು ದಿನವೂ ಮರೆಯಲಿಲ್ಲ.

ಶ್ರಾವಣದಲ್ಲಿ ಶಾಹೀನಾ ತೀರಿಕೊಂಡಳು. ಲಿವರು ಕೈಕೊಟ್ಟಿತ್ತು, ಕಣ್ಣು ಹಳದಿಯಾಗಿದ್ದವು. ದಫನ್ ಸಿಂದಗಿಯಲ್ಲಿ ಆಯಿತು. ಖೋಖೋ ಹುಡುಗಿಯರು ಟೆಂಪೊ ಮಾಡಿಕೊಂಡು ಬಂದು ಮನೆಯ ಹೊರಗೆ ಕೂತಿದ್ದರು. ದಸ್ತಗೀರನ ಅಕ್ಕ ನನ್ನನ್ನು ಕಂಡು ಎದೆ ಬಡಿದುಕೊಂಡು ಅತ್ತಳು. ಆಕೆಯ ಮೇಲೆ ಸಿಟ್ಟು ಮಾಡಬೇಕೆಂದು ಹೋದವಳಿಗೆ ಆಗಲಿಲ್ಲ. ಆಕೆಗೆ ಯಾರು ಕಲಿಸಿದ್ದರು? ಕಲಿತವನು ಕುರ್ಚಿ ಬಿಟ್ಟು ಏಳದಿದ್ದಾಗ ಆಕೆಯನ್ನೇನು ಬೈಯುವುದು?

ಮರುದಿನ ಶಾಲೆಗೆ ಬಂದರೆ ಆಫೀಸಿನ ಹೊರಗಿನ ಫಲಕದ ಮೇಲೆ ಹೆಡ್‌ಮಾಸ್ತರರು ಬರೆಸಿದ್ದರು. 'ನಮ್ಮ ಶಾಲೆಯ ದೈಹಿಕ ಶಿಕ್ಷಕಿ ಅಲ್ಪಕಾಲದ ಅನಾರೋಗ್ಯದಿಂದ ನಿಧನರಾದರು.'

ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದ ತನಕ ಅವಳ ಮೈಯೊಳಗೆ ಅದು ಊರಿಂದ ಊರಿಗೆ ಹೋದಂತೆ ಹೋಯಿತು. ಅದು ಅಲ್ಪಕಾಲವೇ? ಅನಾರೋಗ್ಯವಂತೆ, ಅದಕ್ಕೊಂದು ಹೆಸರಿಲ್ಲವೇ? ಹೆಸರನ್ನು ಜೋರಾಗಿ ಹೇಳಿ ಭೀಮವ್ವನನ್ನು ಉಳಿಸಿದವಳಿಗೆ, ಅವಳ ಸಾವಿನಲ್ಲಿ ಆ ಹೆಸರನ್ನೂ ಕೊಡುವುದಿಲ್ಲವೇ? ನಾನು ಅಂಗೈಯಿಂದಲೇ ಒರೆಸಿ, ಸೀಮೆಸುಣ್ಣ ತೆಗೆದುಕೊಂಡು, ನನ್ನ ಅಕ್ಷರದಲ್ಲಿ ಬರೆದೆ. 'ಶಾಹೀನಾ ಟೀಚರ್ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಗಂಟು ಮೊದಲು ಕಂಡಾಗ ಡಾಕ್ಟರು ಮುಟ್ಟಿ ನೋಡಲಿಲ್ಲ.'

ಹೆಡ್‌ಮಾಸ್ತರರು ಹೊರಗೆ ಬಂದು ಓದಿದರು. ನಾನು ಜಗಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಅಳಿಸಿ ಎನ್ನಲಿಲ್ಲ. ಒಳಗೆ ಹೋಗಿ ಕೂತುಬಿಟ್ಟರು. ಶಾಲೆ ಬಿಟ್ಟ ಮೇಲೆ ನನ್ನ ಹಿಂದೆಯೇ ಗೇಟಿನ ತನಕ ನಡೆದು ಬಂದರು.

"ಮೇಡಮ್ಮಾರ, ನಮ್ಮ ಮನ್ಯಾಗ... ಆಕಿಗೂ ಒಂದು ಗಂಟು ಐತಂತ್ರಿ. ನೀವು ಹೋಗಿದ್ದ ಡಾಕ್ಟರು ಯಾರ್ರಿ?"

"ಎಂದಿನಿಂದ ಐತ್ರಿ?"

ಅವರು ನೆಲ ನೋಡಿದರು. "ದೀಪಾವಳಿಯಿಂದ."

ದೀಪಾವಳಿಯಿಂದ! ಅಂದರೆ ಮಾರ್ಚಿನಲ್ಲಿ ನನ್ನೆದುರು ಕನ್ನಡಕ ಒರೆಸುತ್ತ ಆ ಶಬ್ದ ಬೇಡ ಎಂದಾಗ ಈ ಮನುಷ್ಯನ ಮನೆಯಲ್ಲೇ ಆ ಗಂಟಿತ್ತು. ಶಾಹೀನಾ ಮಾತಾಡಿದ ಸಭೆಗೆ ಹೆಂಡತಿಯನ್ನು ಕರೆತಂದಿರಲಿಲ್ಲ. ಬೈಯಲು ನನ್ನ ಬಾಯಿಗೆ ಏನೇನೋ ಬಂತು. ಏನನ್ನು ಬೈದರೂ ಸಂಜೆಯ ಬಸ್ಸು ತಪ್ಪುತ್ತಿತ್ತು.

"ನಡೀರಿ, ಮನಿಗೆ ಹೋಗೂಣು," ಎಂದೆ. "ಅವರಿಗೆ ಸೀರಿ ಉಟ್ಕೋ ಅಂತ ಫೋನ್ ಮಾಡ್ರಿ. ಇವತ್ತ ವಿಜಯಪುರಕ್ಕ ಹೋಗಿ ಉಳಕೊಂಡ್ರ ನಾಳೆ ಮುಂಜಾನೆ ಮೊದಲ ನಂಬರ ನಮ್ಮದ."

ಅವರ ಹೆಂಡತಿ ಗಿರಿಜಕ್ಕ ನನ್ನ ವಾರಗೆಯವರು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಸೆರಗನ್ನು ಬೆರಳಿಗೆ ಸುತ್ತುತ್ತ ಬಿಡಿಸುತ್ತ ಇದ್ದರು. ಅದೇ ಡಾಕ್ಟರು, ಅದೇ ರೀತಿ ಕೈ ತೊಳೆದು ಮುಟ್ಟಿ ನೋಡಿದರು. ಎಕ್ಸ್‌ರೇ, ಸೂಜಿ. ಫಲಿತಾಂಶದ ದಿನ ನಾನು ರಜೆ ಹಾಕಿ ಹೋಗಿದ್ದೆ. ಗಿರಿಜಕ್ಕ ಒಬ್ಬರೇ ಒಳಗೆ ಹೋದರು, ಗಂಡನನ್ನು ಹೊರಗೇ ಕೂರಿಸಿದರು.

ಹೊರಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಏನಿಲ್ಲಂತ," ಎಂದರು. "ಸಾದಾ ಗಂಟಂತ. ಬೇಕಾದ್ರ ತೆಗಸ್ರಿ, ಬ್ಯಾಡಾದ್ರ ಬಿಡ್ರಿ ಅಂದ್ರು."

ಹೆಡ್‌ಮಾಸ್ತರರು ಎದ್ದು ನಿಂತು ಎರಡೂ ಕೈ ಮುಗಿದರು. "ದೇವರು ದೊಡ್ಡಾವ. ನಾ ಅಂದಿದ್ದಿಲ್ಲಾ, ಏನೂ ಇರೂದಿಲ್ಲಂತ?"

ಗಿರಿಜಕ್ಕ ಗಂಡನನ್ನು ನೋಡಿದರು. ಅಲ್ಲಿ ಬೆಂಚುಗಳ ಮೇಲೆ ಕೂತ ಹೆಂಗಸರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಹೇಳಿದರು.

"ದೀಪಾವಳಿಯಿಂದ ದಿನಾ ಸಾಯಾಕತ್ತಿದ್ದೆ ನಾ. ಮಗಳ ಮುಖ ನೋಡಿದ್ರ ಅಳು ಬರ್ತಿತ್ತು. ಬರೇ ಒಂದು ಸೂಜಿ ಚುಚ್ಚಿ ಹೇಳಿದ್ರು ಅವರು, ನೀ ಬದುಕ್ತಿ ಅಂತ. ಅಷ್ಟಕ್ಕ ಇಲ್ಲಿತನಕ ಕರ್ಕೊಂಡು ಬರಾಕ ನಿಮಗ ಒಬ್ಬಾಕಿ ಹೆಣ ಬೇಕಾತು."

ಕೈಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಒಬ್ಬರೇ ನಡೆದರು. ಹೆಡ್‌ಮಾಸ್ತರರು ಮುಗಿದ ಕೈ ಇಳಿಸುವುದನ್ನೂ ಮರೆತು ನಿಂತಿದ್ದರು. ನಾನು ಅವರನ್ನು ಅಲ್ಲೇ ಬಿಟ್ಟು ಗಿರಿಜಕ್ಕನ ಹಿಂದೆ ಹೋದೆ.